ಕೆಳಗಿನ ತುದಿಯ ಆಸಾಮಿ

ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ಕ್ರೇನಣ್ಣನ ಬೆನ್ನು ಎಷ್ಟು ಅಗಲವಿತ್ತೆಂದರೆ, ಅವನ ಅಂಗಿ ಒಗೆದು ಹಗ್ಗಕ್ಕೆ ಹಾಕಿದ ದಿನ ಎದುರು ಮನೆಯವರಿಗೆ ಬಿಸಿಲು ಸಿಗುತ್ತಿರಲಿಲ್ಲ. ಇದರಲ್ಲಿ ಕಾಲು ಭಾಗ ನಾನು ಸೇರಿಸಿದ್ದು. ಮುಕ್ಕಾಲು ಭಾಗ ಅವನೇ ಹೇಳಿಕೊಂಡು ತಿರುಗಿದ್ದು.

ಅವನ ಕಸುಬು ಮನೆ ಸಾಮಾನು ಸಾಗಿಸುವುದು. ಜನ ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಅವರ ಬೀರು, ಮಂಚ, ಫ್ರಿಜ್ಜುಗಳನ್ನು ಇಳಿಸಿ, ವ್ಯಾನಿಗೆ ತುಂಬಿ, ಮತ್ತೆ ಏರಿಸಿಕೊಡುವ ನಾಲ್ಕು ಜನರ ತಂಡ. ನಮ್ಮ ಕಡೆಯ ಹಳೆಯ ಕಟ್ಟಡಗಳಿಗೆ ಲಿಫ್ಟೂ ಇಲ್ಲ, ಕರುಣೆಯೂ ಇಲ್ಲ. ಇಬ್ಬರು ಎದುರಾದರೆ ಒಬ್ಬರು ಮನೆಗೇ ವಾಪಸು ಹೋಗಬೇಕಾದಂಥ ಮೆಟ್ಟಿಲುಗಳು. ಅಂಥ ಮೆಟ್ಟಿಲಲ್ಲಿ ಬೀರು ಏರಿಸುವಾಗ ಮೇಲಿನ ತುದಿ ಹಿಡಿದವನು ದಾರಿ ನೋಡುತ್ತಾನೆ. ಕೆಳಗಿನ ತುದಿ ಹಿಡಿದವನು ಬೀರನ್ನು ಹೊರುತ್ತಾನೆ. ಆದ್ದರಿಂದ ಆ ಕಸುಬಿನಲ್ಲಿ ಕೆಳಗಿನ ತುದಿಯೇ ಸಿಂಹಾಸನ. ಕೆಳಗಿನವನು 'ಇಳಿಸು' ಎನ್ನುವವರೆಗೆ ಮೇಲಿನವನು ಇಳಿಸುವಂತಿಲ್ಲ, 'ಎತ್ತು' ಎನ್ನುವವರೆಗೆ ಎತ್ತುವಂತಿಲ್ಲ, ತುರಿಕೆಯಾದರೆ ಕೆರೆದುಕೊಳ್ಳುವಂತಿಲ್ಲ. ಕ್ರೇನಣ್ಣ ಆ ತುದಿಯನ್ನು ಮೂವತ್ತು ವರ್ಷ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಅವನ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿತ್ತು: ಭಾರ ನಿನ್ನನ್ನು ಎಳೆದರೆ ನೀನು ಭಾರವನ್ನು ಎಳೆ. ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು ಸಡಿಲ ಬಿಟ್ಟರೂ ಬೀರು ನಿನ್ನ ಮೇಲೆ ಕೂತು ಕೆಳಗಿನ ಮಹಡಿಯವರೆಗೆ ಸವಾರಿ ಮಾಡುತ್ತದೆ. ಈ ಮಾತು ಅವನ ತಲೆಯಲ್ಲಿರಲಿಲ್ಲ, ಮಾಂಸದಲ್ಲಿತ್ತು. ನಿದ್ದೆಯಲ್ಲಿ ಹೆಂಡತಿ ಹೊದಿಕೆ ಎಳೆದರೆ ಇವನು ನಿದ್ದೆಯಲ್ಲೇ ತಿರುಗಿ ಎಳೆಯುತ್ತಿದ್ದ. ಆ ಮನೆಯಲ್ಲಿ ಹರಿಯದ ಹೊದಿಕೆಯನ್ನು ನಾನು ಕಂಡಿಲ್ಲ.

ಒಳ್ಳೆಯವನೋ ಎಂದರೆ, ಅಲ್ಲ. ತಂಡದಲ್ಲಿ ಯಾರಿಗಾದರೂ ಎಲ್ಲಾದರೂ ನೋವು ಬಂದರೆ ಅವನಿಗೆ ಹಬ್ಬ. ಹೆಂಡತಿಯ ಸ್ವಂತ ತಮ್ಮನನ್ನೇ ಅವನು ಬಿಡಲಿಲ್ಲ. ಆ ಭಾವಮೈದ ಒಂದು ದಿನ ಫ್ರಿಜ್ಜು ಎತ್ತುವಾಗ ಅರ್ಧಕ್ಕೇ ನಿಂತು ಕಿರುಚಿದ.

"ಭಾವ, ಸೊಂಟದಲ್ಲಿ ಏನೋ ಚಳುಕ್ ಅಂತು. ಕಾಲಿನವರೆಗೂ ಕರೆಂಟ್ ಹೊಡೀತಿದೆ."

"ಚಳುಕ್ ಅನ್ನೋಕೆ ನೀನೇನು ಗಾಜಿನ ಲೋಟಾನಾ? ಹಿಡಿ."

"ಆಗ್ತಿಲ್ಲ ಭಾವ."

"ಬೆಣ್ಣೇನ ಫ್ರಿಜ್ಜಿನ ಒಳಗೆ ಇಡಬೇಕಿತ್ತು. ಹೊರಗಿಟ್ಟು ಹೊರೋಕೆ ಹೇಳಿದ್ದು ನನ್ನದೇ ತಪ್ಪು."

ಅಂದಿನಿಂದ ಆ ಹುಡುಗನ ಹೆಸರು ಬೆಣ್ಣೆ. ಅಷ್ಟಕ್ಕೇ ಮುಗಿಯಲಿಲ್ಲ. ಎದ್ದು ನಿಲ್ಲಲಾಗದ ಅವನನ್ನು ಫುಟ್‌ಪಾತಿನ ಅಂಚಿನಲ್ಲಿ, ಮನೆಯವರು ಬೇಡವೆಂದು ಬಿಟ್ಟುಹೋದ ಮುರುಕು ಕುರ್ಚಿಯ ಪಕ್ಕದಲ್ಲಿ ಕೂರಿಸಿ, ಹೋಗುವ ಬರುವ ಜನಕ್ಕೆ "ಎರಡೂ ಪುಕ್ಕಟೆ, ಬೇಕಾದೋರು ತಗೊಂಡು ಹೋಗಿ" ಎಂದು ಕೂಗಿದ. ಒಬ್ಬಾಕೆ ಬಂದು ಕುರ್ಚಿ ಮಾತ್ರ ತೆಗೆದುಕೊಂಡು ಹೋದಳು. ಈ ಕಥೆಯನ್ನು ಕ್ರೇನಣ್ಣ ಎಷ್ಟು ಸಲ ಹೇಳಿದನೆಂದರೆ, ಕೇಳಿ ಕೇಳಿ ನಮ್ಮ ಬೀದಿಯ ನಾಯಿಗಳೂ ನಗುವ ಜಾಗ ಕಲಿತಿದ್ದವು. ಬೆಣ್ಣೆ ಆಮೇಲೆ ತಂಡದ ಕಡೆ ತಲೆ ಹಾಕಲಿಲ್ಲ, ಅಕ್ಕನ ಮನೆಗೂ ಬರಲಿಲ್ಲ.

ಹೀಗೆ ವರ್ಷಗಳು ಹೋದವು. ಬೀರುಗಳನ್ನೂ ತಿಜೋರಿಗಳನ್ನೂ ಹೊತ್ತ ಬೆನ್ನು ಕೊನೆಗೆ ಬಿದ್ದದ್ದು ಕಾಲುಚೀಲವೊಂದನ್ನು ಎತ್ತುವಾಗ. ಮಂಚದ ಕೆಳಗೆ ಸರಿದಿದ್ದ ಕಾಲುಚೀಲಕ್ಕೆ ಬಗ್ಗಿದ, ಅಷ್ಟೆ. ಕುಂಡೆಯಿಂದ ಹಿಡಿದು ಹೆಬ್ಬೆರಳಿನ ತನಕ ಎಡಗಾಲಿನಲ್ಲಿ ಕಾದ ತಂತಿ ಎಳೆದ ಹಾಗಾಯಿತು. ಕಾಲುಚೀಲ ಅಲ್ಲೇ ಉಳಿಯಿತು.

ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಳಗಿನ ತುದಿ ಹೋಗುತ್ತದೆ. ಆ ತುದಿ ಹೋದರೆ ತಾನು ಯಾರು ಎಂದು ಅವನಿಗೇ ಗೊತ್ತಿರಲಿಲ್ಲ. ಕೂತರೆ ಉರಿ, ಸೀನಿದರೆ ಮಿಂಚು. ಆದ್ದರಿಂದ ನಿಂತೇ ಊಟ, ನಿಂತೇ ಟೀವಿ.

"ರೀ, ಕೂತ್ಕೊಂಡು ಊಟ ಮಾಡಿ. ಓಡಿಹೋಗೋರ ಹಾಗೆ ಯಾಕೆ?" ಎಂದಳು ಹೆಂಡತಿ.

"ನಿಂತು ತಿಂದ್ರೆ ಜಾಸ್ತಿ ಹಿಡಿಸುತ್ತೆ ಕಣೇ."

"ಹಿಡಿಸೋದು ಹೊಟ್ಟೇಲಿ. ಕಣ್ಣಲ್ಲಿ ಯಾಕೆ ನೀರು?"

ಅವಳು ಮಾತಾಡುತ್ತಲೇ ಬಂದು ಅವನ ಸೊಂಟಕ್ಕೆ ಒಂದು ಬೆರಳು ಒತ್ತಿದಳು. ಒಂದೇ ಬೆರಳು. ಕ್ರೇನು ಕಳಚಿ ನೆಲಕ್ಕೆ ಬಂತು.

ಸ್ಕ್ಯಾನಿನ ಚಿತ್ರ ಬೆಳಕಿಗೆ ಹಿಡಿದು ಡಾಕ್ಟರು ವಿವರಿಸಿದರು. "ಬೆನ್ನುಮೂಳೆಗಳ ನಡುವೆ ಒಂದೊಂದು ಮೆತ್ತೆ ಇರುತ್ತೆ, ಡಿಸ್ಕ್ ಅಂತೀವಿ. ನಿಮ್ಮ ಕೊನೇ ಮೂಳೆ ಹತ್ತಿರದ ಮೆತ್ತೆ ಉಬ್ಬಿ ಹೊರಗೆ ಬಂದು ಕಾಲಿಗೆ ಹೋಗೋ ನರಾನ ಒತ್ತುತ್ತಾ ಇದೆ."

ಕ್ರೇನಣ್ಣನಿಗೆ ನೋವಿಗಿಂತ ಅವಮಾನವೇ ದೊಡ್ಡದಾಯಿತು. "ಮೆತ್ತೇನಾ? ನನ್ನ ಬೆನ್ನಲ್ಲಾ? ಬೇರೆ ಯಾರದೋ ಚಿತ್ರ ಇರಬೇಕು, ಸರಿಯಾಗಿ ನೋಡಿ ಸಾರ್."

ಹೆಸರು ಅವನದೇ ಇತ್ತು. ಸದ್ಯಕ್ಕೆ ಆಪರೇಷನ್ ಬೇಡ ಎಂದರು ಡಾಕ್ಟರು. ಬೆನ್ನನ್ನು ಮೆಲ್ಲಗೆ ಎಳೆದು ಎಳೆದು ಬಿಡುವ ಟೇಬಲ್ ಒಂದಿದೆ, ಎಳೆದಾಗ ಮೂಳೆಗಳ ನಡುವೆ ಒತ್ತಡ ಇಳಿಯುತ್ತದೆ, ಮೆತ್ತೆ ನರವನ್ನು ಬಿಟ್ಟರೂ ಬಿಡಬಹುದು, ಎಲ್ಲರಿಗೂ ಗುಣವಾಗುತ್ತದೆಂದು ಮಾತು ಕೊಡಲಾರೆ, ಜೊತೆಗೆ ವ್ಯಾಯಾಮವೂ ಇರುತ್ತದೆ, ಪಾದ ಎತ್ತಲು ಬಾರದಂತಾದರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ಆ ಕ್ಷಣವೇ ಓಡಿ ಬನ್ನಿ ಎಂದರು. ಭಾರ ಎತ್ತುವಂತಿಲ್ಲ ಎಂದೂ ಹೇಳಿದರು. ಆ ಮಾತು ಬರುವ ಹೊತ್ತಿಗೆ ಇವನು ಬಾಗಿಲ ಹತ್ತಿರ ಇದ್ದ.

ಆ ಟೇಬಲ್ ಇದ್ದ ಚಿಕಿತ್ಸಾಲಯ ಒಂದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ. ಬೆನ್ನು ಹೋದವರ ಚಿಕಿತ್ಸೆಗೆ ಮಹಡಿಯ ಜಾಗ ಹುಡುಕಿದ ಪುಣ್ಯಾತ್ಮ ಯಾರೋ. ಮೆಟ್ಟಿಲ ಕಂಬಿ ಹಿಡಿದು, ತಲೆ ಬಗ್ಗಿಸಿ, ಕ್ರೇನಣ್ಣ ಮೇಲೆ ಬಂದು ನೋಡುತ್ತಾನೆ: ನೀಲಿ ಅಂಗಿ ತೊಟ್ಟು, ಬೆಲ್ಟುಗಳನ್ನು ಹೆಗಲಿಗೆ ಹಾಕಿಕೊಂಡು ಬೆಣ್ಣೆ ನಿಂತಿದ್ದಾನೆ. ಬೆನ್ನು ಬಿದ್ದ ಮೇಲೆ ಅವನು ಇಲ್ಲೇ ವಾಸಿ ಮಾಡಿಕೊಂಡು, ಇಲ್ಲೇ ಕೆಲಸಕ್ಕೆ ಸೇರಿ, ರೋಗಿಗಳಿಗೆ ಬೆಲ್ಟು ಕಟ್ಟಿ ಬಿಚ್ಚುವ ಸಹಾಯಕನಾಗಿದ್ದ. ಅಕ್ಕನಿಗೆ ಗೊತ್ತಿತ್ತು. ಗಂಡನಿಗೆ ಹೇಳಿರಲಿಲ್ಲ. ಆಕೆಗೂ ಸ್ವಲ್ಪ ಮನರಂಜನೆ ಬೇಡವೇ.

"ಬನ್ನಿ ಭಾವ. ಮಲಗಿ," ಎಂದ ಬೆಣ್ಣೆ.

ಕ್ರೇನಣ್ಣನ ಮುಖ ಹಿಂಡಿದ ಬಟ್ಟೆಯಂತಾಯಿತು. ವಾಪಸು ಇಳಿಯೋಣವೆಂದರೆ ಮೆಟ್ಟಿಲು. ಮಲಗಿದ.

ಟೇಬಲ್ ಎರಡು ತುಂಡಿನದು. ಎದೆಗೊಂದು ಬೆಲ್ಟು, ಸೊಂಟಕ್ಕೊಂದು ಬೆಲ್ಟು. ಎದೆಯ ತುಂಡು ಅಲ್ಲೇ ಇರುತ್ತದೆ, ಸೊಂಟದ ತುಂಡು ಮೋಟಾರಿನ ಎಳೆತಕ್ಕೆ ಕೂದಲೆಳೆಯಷ್ಟು ಹಿಂದೆ ಜಾರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಮತ್ತೆ ಸಡಿಲವಾಗುತ್ತದೆ. ಎಷ್ಟು ಎಳೆಯಬೇಕೆಂದು ಆಳಿನ ತೂಕ ನೋಡಿ ಗೊತ್ತುಮಾಡುವವರು ಫಿಸಿಯೋ ಮೇಡಂ. ಮೊದಲ ದಿನ ಕಡಿಮೆಯಿಂದ ಶುರು ಮಾಡಿದರು. ಅದು ಒಂದು ಗ್ಯಾಸ್ ಸಿಲಿಂಡರಿನ ಭಾರವೂ ಇಲ್ಲವೆಂದು ತಿಳಿದು ಇವನು ಮಲಗಿದಲ್ಲೇ ಹೀಯಾಳಿಸಿದ.

"ಇಷ್ಟೇನಾ ಮೇಡಂ? ಇದನ್ನ ನಾನು ಹಲ್ಲಲ್ಲಿ ಎಳೀತೀನಿ."

ಮೋಟಾರು ಗುಂಯ್ ಎಂದು ಎಳೆಯಿತು. ಇವನು ತಿರುಗಿ ಎಳೆದ. ಬೇಕೆಂದು ಮಾಡಿದ್ದಲ್ಲ, ಮಾಂಸ ಮಾಡಿದ್ದು. ಟೇಬಲ್ಲಿನ ಅಂಚು ಹಿಡಿದು, ಹಲ್ಲು ಕಚ್ಚಿ, ಸೊಂಟ ಬಿಗಿದು, ಉಸಿರು ಕಟ್ಟಿ ನಿಂತ, ಅಂದರೆ ಮಲಗಿದ. ಅದು ಎಳೆದಷ್ಟೂ ಇವನು ಎಳೆದ. ಟೇಬಲ್ ನರಳಿತು. ಪಕ್ಕದ ಟೇಬಲ್ಲಿನಲ್ಲಿ ಅದೇ ಚಿಕಿತ್ಸೆಗೆ ಮಲಗಿದ್ದ ದರ್ಜಿ ಹೆಂಗಸು ಗೊರಕೆ ನಿಲ್ಲಿಸಿ ಕಣ್ಣು ಬಿಟ್ಟು ನೋಡಿದಳು. ಮುಗಿದ ಮೇಲೆ ಬೆವರಿನಲ್ಲಿ ತೊಯ್ದ ಕ್ರೇನಣ್ಣ ಘೋಷಿಸಿದ: "ಸೋತುಹೋಯ್ತು ನಿಮ್ಮ ಮಿಷನ್ನು."

"ಗೆಲ್ಲೋದು ಯಾರಿಗೆ ಬೇಕಿತ್ತು?" ಎಂದರು ಮೇಡಂ. "ನೀವು ಹೀಗೆ ಬಿಗಿ ಹಿಡಿದ್ರೆ ಎಳೆತ ಎಲ್ಲ ಸ್ನಾಯುಗಳಲ್ಲೇ ಮುಗಿದುಹೋಗುತ್ತೆ. ಡಿಸ್ಕಿಗೆ ಏನೂ ತಲುಪಲ್ಲ. ಬಿಟ್ಟುಬಿಡಿ."

"ಬಿಡೋದು ಅಂದ್ರೆ ಏನು ಮಾಡ್ಬೇಕು?"

"ಏನೂ ಮಾಡಬಾರ್ದು."

ಅದನ್ನು ಹೇಗೆ ಮಾಡುವುದೆಂದು ಅವನಿಗೆ ನಿಜಕ್ಕೂ ತಿಳಿಯಲಿಲ್ಲ. ಅದರ ಮೇಲೆ ಇನ್ನೊಂದು ಹೆದರಿಕೆ: ತಲೆಯ ಹತ್ತಿರ ನಿಂತಿರುವವನು ಬೆಣ್ಣೆ. ತಾನೇನಾದರೂ ಅವನ ಜಾಗದಲ್ಲಿದ್ದಿದ್ದರೆ, ಮೇಡಂ ಆ ಕಡೆ ತಿರುಗಿದ ಕೂಡಲೇ ಎಳೆತವನ್ನು ಕೊನೆಯ ಮಟ್ಟಕ್ಕೆ ತಿರುಗಿಸಿ ಭಾವನನ್ನು ಎರಡು ಭಾಗ ಮಾಡಿ, ಎದೆಯನ್ನೊಂದು ಮನೆಗೂ ಕಾಲನ್ನೊಂದು ಮನೆಗೂ ಕಳಿಸುತ್ತಿದ್ದ. ಹೆಂಡತಿಗೆ ಹಾಗೆಯೇ ಹೇಳಿದ. ಹೀಗಾಗಿ ಪ್ರತಿಸಲವೂ ಮೈಯೆಲ್ಲ ಕಿವಿಯಾಗಿ, ಕಲ್ಲಾಗಿ ಮಲಗಿದ.

"ಭಾವ, ಮುಷ್ಟಿ ಬಿಡಿ."

"ಬೆಲ್ಟು ಬಿಗಿ ಕಟ್ಟಿದ್ದೀಯ ನೀನು. ಬೇಕಂತಲೇ."

"ಎರಡು ಬೆರಳು ಒಳಗೆ ಹೋಗ್ತಿದೆ ನೋಡಿ. ಎಲ್ಲರಿಗೂ ಹೀಗೇ ಕಟ್ಟೋದು."

"ನಂಗೆ ಗೊತ್ತು ನಿನ್ನ ಮನಸ್ಸಲ್ಲಿ ಏನಿದೆ ಅಂತ. ಸೇಡು."

ಬೆಣ್ಣೆ ಬಕಲು ಸರಿಮಾಡುತ್ತಾ ತಣ್ಣಗೆ ಹೇಳಿದ: "ಭಾವ, ನಿಮ್ಮನ್ನ ಹಾಳು ಮಾಡೋಕೆ ನಾನು ಕೈ ಹಾಕಬೇಕಾಗಿಲ್ಲ. ಆ ಕೆಲಸ ನೀವೇ ಎಷ್ಟು ಚೆನ್ನಾಗಿ ಮಾಡ್ಕೊಳ್ತಿದ್ದೀರಿ."

ವಾರಗಳು ಕಳೆದವು. ದರ್ಜಿ ಹೆಂಗಸು ಗೊರಕೆ ಹೊಡೆದೇ ವಾಸಿಯಾಗುತ್ತಾ ಬಂದಳು. ಕ್ರೇನಣ್ಣ ಪ್ರತಿಸಲವೂ ಮಿಷನ್ನನ್ನು ಸೋಲಿಸಿ, ಗೆದ್ದವನಂತೆ ಕುಂಟುತ್ತಾ ಮನೆಗೆ ಬಂದ.

ಇತ್ತ ತಂಡದವರಿಗೆ ಅವನು ಹೇಳಿದ್ದು ಹಲ್ಲಿನ ನೆಪ. ಬರಲಾಗದ ದಿನವೆಲ್ಲ "ಹಲ್ಲು ಕೀಳಿಸೋಕೆ ಹೋಗಿದ್ದೆ" ಎನ್ನುತ್ತಿದ್ದ. ಆ ಲೆಕ್ಕದಲ್ಲಿ ಅವನು ಒಂದು ಮೊಸಳೆ ಸಂಸಾರಕ್ಕಾಗುವಷ್ಟು ಹಲ್ಲು ಕೀಳಿಸಿಕೊಂಡಿರಬೇಕು. ನಕ್ಕರೆ ಎಲ್ಲ ಹಲ್ಲೂ ಬಾಯಲ್ಲೇ ಇದ್ದವು. ಹಾಗಾಗಿ ನಗುವುದನ್ನೂ ಬಿಟ್ಟ. ಅವನಿಲ್ಲದಾಗ ಕೆಳಗಿನ ತುದಿ ಹಿಡಿಯುತ್ತಿದ್ದವನು ಕುಳ್ಳ. ವರ್ಷಗಟ್ಟಲೆ ಮೇಲಿನ ತುದಿ ಹಿಡಿದು, ಇವನ ಬೈಗುಳ ತಿಂದು ಬೆಳೆದವನು. ಒಂದು ಬೆಳಿಗ್ಗೆ ಕುಳ್ಳ ಫೋನು ಮಾಡಿದ.

"ಅಣ್ಣ, ಇವತ್ತು ದೊಡ್ಡ ಬೀರು. ಗಟ್ಟಿ ಮರದ್ದು. ನಾಲ್ಕನೇ ಮಹಡಿ. ನೀನು ಬರ್ತೀಯಾ, ಇಲ್ಲ ನಿಂಗಿನ್ನೂ ಹಲ್ಲು ಮಿಕ್ಕಿದಾವಾ?"

"ಬರ್ತೀನಿ. ಕೆಳಗಿನ ತುದಿ ಮುಟ್ಟಬೇಡ."

ಹೆಂಡತಿ ಚಪ್ಪಲಿ ಬಚ್ಚಿಟ್ಟಳು. ಬರಿಗಾಲಲ್ಲೇ ಹೋದ.

ಆ ಬೀರನ್ನು ನಾನು ನೋಡಿಲ್ಲ. ಆದರೆ ಕೇಳಿದ ಪ್ರಕಾರ ಅದರೊಳಗೆ ಒಂದು ಬಡ ಕುಟುಂಬ ಬಾಡಿಗೆಗೆ ಇರಬಹುದಿತ್ತು. ಕುಳ್ಳ ಮೇಲಿನ ತುದಿಗೆ ದಪ್ಪ ಬಟ್ಟೆಯ ಪಟ್ಟಿ ಹಾಕಿ ಹಿಡಿದ. ಕ್ರೇನಣ್ಣ ಕೆಳಗಿನ ತುದಿಗೆ ಹೆಗಲು ಕೊಟ್ಟ. ಉಳಿದ ಇಬ್ಬರು ಬೀರಿನ ಖಾನೆಗಳನ್ನು ಬೇರೆಯಾಗಿ ಹಿಡಿದು ಮುಂದೆ ಹತ್ತಿದರು. ಮೊದಲ ಮಹಡಿ ಹೋಯಿತು. ಎರಡನೆಯದೂ ಹೋಯಿತು. ಅದರ ಮೇಲಿನ ತಿರುವಿನಲ್ಲಿ, ಬೀರನ್ನು ಓರೆ ಮಾಡಲು ಸೊಂಟ ತಿರುಗಿಸಿದಾಗ, ಕಾದ ತಂತಿ ಮತ್ತೆ ಎಳೆಯಿತು. ಎಡ ಮಂಡಿ ಮಡಚಿಕೊಂಡಿತು. ಕ್ರೇನಣ್ಣ ಗೋಡೆಗೆ ಒರಗಿ ಕುಸಿದ, ಬೀರು ಬಂದು ಅವನ ಎದೆಯ ಮೇಲೆ ಒರಗಿತು.

ಕುಳ್ಳ ಪಟ್ಟಿಯನ್ನು ಮೆಟ್ಟಿಲ ಕಂಬಿಗೆ ಸುತ್ತಿ ಬಿಗಿ ಮಾಡಿದ. ಬೀರು ಜಾರುವಂತಿರಲಿಲ್ಲ, ಕೆಳಗಿದ್ದವನು ಏಳುವಂತೆಯೂ ಇರಲಿಲ್ಲ. ಮುಂದಿದ್ದ ಇಬ್ಬರಿಗೆ ಒಂದು ಮಾತು ಹೇಳಿ, ಒಂದು ಎಳೆತ ಎಳೆದರೆ ಆಗುತ್ತಿತ್ತು. ಕುಳ್ಳ ಎಳೆಯಲಿಲ್ಲ. ಮೇಲಿನಿಂದ ಬಗ್ಗಿ ನೋಡಿದ.

"ಅಣ್ಣ, ಹಲ್ಲು ನೋವಾ?"

"ಎಳೆಯೋ."

"ಎಳೀತೀನಿ. ಅದಕ್ಕೆ ಮೊದಲು ಒಂದು ವಿಷಯ. ನಾಳೆಯಿಂದ ಕೆಳಗಿನ ತುದಿ ಯಾರದು?"

"ಉಸಿರು ಕಟ್ತಿದೆ ಕಣೋ, ಕತ್ತೆ."

"ಉಸಿರು ಕಟ್ಟಿದೋರು ಕತ್ತೆ ಅನ್ನಲ್ಲ ಅಣ್ಣ. ಯಾರದು ಅಂತ ಹೇಳು."

ಖಾನೆ ಹೊತ್ತಿದ್ದ ಇಬ್ಬರು ಅವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಆರಾಮಾಗಿ ಕೂತರು. ಅವರಿಗೂ ಕ್ರೇನಣ್ಣ ಇಟ್ಟ ಅಡ್ಡಹೆಸರುಗಳಿದ್ದವು. ಅವು ಇಲ್ಲಿ ಬರೆಯುವಂಥವಲ್ಲ. ಒಬ್ಬ ಬೀಡಿ ಹಚ್ಚಿದ. ಆ ಮಹಡಿಯ ಒಂದು ಬಾಗಿಲು ತೆರೆದು ಹೆಂಗಸೊಬ್ಬಳು ಇಣುಕಿದಳು.

"ಏನಾಯ್ತು?"

"ಏನಿಲ್ಲಮ್ಮ, ಮೀಟಿಂಗ್ ನಡೀತಿದೆ," ಎಂದ ಕುಳ್ಳ. ಆಕೆ ಬಾಗಿಲು ಹಾಕಿಕೊಂಡಳು.

ಕೆಳಗಿನಿಂದ ಸಣ್ಣದಾಗಿ ಒಂದು ದನಿ ಬಂತು. "ನಿಂದು."

"ಕೇಳಿಸ್ಲಿಲ್ಲ ಅಣ್ಣ. ಬೀರು ಅಡ್ಡ ಇದೆ."

"ನಿಂದು ಕಣೋ, ಕೆಳಗಿನ ತುದಿ ನಿಂದು."

"ನೀವಿಬ್ರೂ ಕೇಳಿದ್ರಾ?"

"ಕೇಳಿದ್ವಿ," ಎಂದರು ಇಬ್ಬರೂ. ಆಮೇಲೆ ಮೂವರೂ ಸೇರಿ ಬೀರನ್ನು ಮೇಲಕ್ಕೆಳೆದರು. ಕ್ರೇನಣ್ಣನನ್ನು ಬೀರಿಗೆ ಹೊದಿಸಿದ್ದ ಕಂಬಳಿಯಲ್ಲಿಯೇ ಮಲಗಿಸಿ ಕೆಳಗಿಳಿಸಿದರು. ಇಳಿಸುವಾಗ ಕೆಳಗಿನ ತುದಿ ಹಿಡಿದವನು ಕುಳ್ಳ.

ಡಾಕ್ಟರು ಬೆರಳು, ಪಾದ, ಮಂಡಿ ಎಲ್ಲ ತಟ್ಟಿ ನೋಡಿ, ಬೈದು, ಇನ್ನೂ ಕತ್ತರಿ ಬೇಡ ಎಂದರು. ಕೆಲವು ದಿನ ಬಿಟ್ಟು ಫಿಸಿಯೋ ಮೇಡಂ ಮತ್ತೆ ಮೊದಲಿನ ಕಡಿಮೆ ಎಳೆತದಿಂದಲೇ ಶುರು ಮಾಡಿದರು. ಬೆಣ್ಣೆ ಬೆಲ್ಟು ಕಟ್ಟಿದ. ಇವನು ಎರಡು ಬೆರಳು ಹಾಕಿ ನೋಡಲಿಲ್ಲ, ಟೇಬಲ್ಲಿನ ಅಂಚನ್ನೂ ಹಿಡಿಯಲಿಲ್ಲ. ಮೋಟಾರು ಗುಂಯ್ ಎಂದಿತು. ಅದು ಎಳೆದ ಕಡೆಗೆ ಹೋದ. ಉಳಿಸಿಕೊಳ್ಳಲು ಏನೂ ಇಲ್ಲದವನಿಗೆ ಎಳೆಯುವ ಚಪಲ ಎಲ್ಲಿಂದ ಬರಬೇಕು. ಸ್ವಲ್ಪ ಹೊತ್ತಿಗೆ ಅವನ ಗೊರಕೆ ಎಷ್ಟು ಜೋರಾಯಿತೆಂದರೆ, ಕೆಳಗಿನ ಅಂಗಡಿಯಲ್ಲಿ ಕನ್ನಡಕಗಳು ಗೂಟದಿಂದ ಕಳಚಿ ಬಿದ್ದವು. ದರ್ಜಿ ಹೆಂಗಸು ಬೇರೆ ಸಮಯ ಕೇಳಿದಳು.

ನೋವು ಹೋಗತೊಡಗಿತು. ಮೊದಲು ಪಾದ ಬಿಟ್ಟಿತು, ಆಮೇಲೆ ಮೀನಖಂಡ, ಆಮೇಲೆ ತೊಡೆ. ಹಟಮಾರಿ ಬಾಡಿಗೆದಾರ ಒಂದೊಂದೇ ಕೋಣೆ ಖಾಲಿ ಮಾಡಿದ ಹಾಗೆ. ಸೊಂಟದಲ್ಲಿ ಮಾತ್ರ ಒಂದಿಷ್ಟು ಸಾಮಾನು ಉಳಿಯಿತು.

ಒಂದು ದಿನ ಬೆಣ್ಣೆ ಬೆಲ್ಟು ಬಿಚ್ಚುವಾಗ ಕ್ರೇನಣ್ಣ ಕೇಳಿದ: "ಅವತ್ತು ನಿಂಗೂ ಇಷ್ಟು ನೋವಿತ್ತೇನೋ?"

"ಇತ್ತು ಭಾವ."

"ಮತ್ತೆ ಹೇಳಬಾರ್ದಾಗಿತ್ತಾ?"

"ಹೇಳಿದ್ನಲ್ಲ. ಬೀದಿಗೆಲ್ಲ ಕೇಳಿಸೋ ಹಾಗೆ ಹೇಳಿದ್ದೆ."

ಕ್ರೇನಣ್ಣ ಛಾವಣಿಯಿಂದ ಕಣ್ಣು ತೆಗೆದು ಅವನ ಮುಖ ನೋಡಿದ. ಕ್ಷಮೆ ಕೇಳುತ್ತಾನೇನೋ ಎಂದು ಬೆಣ್ಣೆ ಕೈಯಲ್ಲಿದ್ದ ಬಕಲು ಹಾಗೇ ಹಿಡಿದು ನಿಂತಿದ್ದನಂತೆ.

"ಆದ್ರೂ ನೀನು ಸ್ವಲ್ಪ ಜಾಸ್ತೀನೇ ಕಿರುಚಿದ್ದೆ ಬಿಡು," ಎಂದ ಇವನು.

ಬೆಣ್ಣೆ ಬಕಲು ಬಿಚ್ಚಿ ಮುಂದಿನ ರೋಗಿಯನ್ನು ಕರೆದ.

ಹಗುರವಾದ ಕೆಲಸಕ್ಕೆ ಹೋಗಬಹುದು, ಮೆಟ್ಟಿಲಲ್ಲಿ ಭಾರ ಮಾತ್ರ ಜನ್ಮದಲ್ಲಿ ಬೇಡ ಎಂದು ಮೇಡಂ ಹೇಳಿ ಕಳಿಸಿದರು. ತಂಡದಲ್ಲಿ ಈಗ ಅವನ ಕೆಲಸ ಲೋಟ ತಟ್ಟೆಗಳಿಗೆ ಕಾಗದ ಸುತ್ತುವುದು, ದಿಂಬು ಹೊರುವುದು, ಬಾಗಿಲು ತೆರೆದು ಹಿಡಿಯುವುದು. ಮೂವತ್ತು ವರ್ಷ 'ಎತ್ತು', 'ಇಳಿಸು' ಎಂದ ಬಾಯಿ ಈಗ 'ಇಲ್ಲೊಂದು ಮೆಟ್ಟಿಲಿದೆ' ಎನ್ನುತ್ತದೆ. ಅದನ್ನೂ ಯಾರೂ ಕೇಳುವುದಿಲ್ಲ. ಮೆಟ್ಟಿಲಿರುವುದು ಅವರಿಗೂ ಕಾಣುತ್ತದೆ.

ಮೊನ್ನೆ ಒಂದು ಬಟ್ಟೆ ಒಗೆಯುವ ಮಿಷನ್ನು ಏರಿಸುತ್ತಿದ್ದರು. ಎರಡನೇ ಮಹಡಿಯಲ್ಲಿ ಕುಳ್ಳ 'ಇಳಿಸು' ಎಂದ. ಅಲ್ಲಿ ಇಳಿಸುವ ವಾಡಿಕೆಯಿಲ್ಲ. ಕ್ರೇನಣ್ಣ ಕಂಕುಳಲ್ಲಿ ದಿಂಬು ಇಟ್ಟುಕೊಂಡು, ಆ ಮಹಡಿಯ ಮೆಟ್ಟಿಲ ಬಾಗಿಲು ಹಿಡಿದು ನೋಡುತ್ತಿದ್ದ. ಕುಳ್ಳ ಮೆಟ್ಟಿಲ ಮೇಲೆ ಕೂತ. ಪೂರ್ತಿ ಕೂರಲಿಲ್ಲ, ಒಂದು ಕುಂಡೆಯ ಮೇಲೆ ಮಾತ್ರ ಕೂತ. ಬಲತೊಡೆಯ ಹಿಂಭಾಗವನ್ನು ಯಾರೂ ನೋಡುತ್ತಿಲ್ಲವೆಂದುಕೊಂಡು ಉಜ್ಜಿಕೊಂಡ. ಮುಖ ಬಿಳಿಚಿಕೊಂಡಿತ್ತು.

"ಏನೋ ಅದು?" ಎಂದ ಕ್ರೇನಣ್ಣ.

"ಏನಿಲ್ಲ ಅಣ್ಣ. ಹೊಸ ಪ್ಯಾಂಟು. ಸ್ವಲ್ಪ ಬಿಗಿ."

ಪ್ಯಾಂಟು ಹಳೆಯದು. ಅದರೊಳಗೆ ಏನು ನಡೆಯುತ್ತಿದೆಯೆಂದು ಆ ಕಟ್ಟಡದಲ್ಲಿ ಸರಿಯಾಗಿ ಗೊತ್ತಿದ್ದವನು ಇವನೊಬ್ಬನೇ. ಈಗಲೇ ಕೆಳಗಿಟ್ಟು ಡಾಕ್ಟರ ಹತ್ತಿರ ಹೋದರೆ ಹುಡುಗ ಸುಲಭವಾಗಿ ಉಳಿದುಕೊಳ್ಳುತ್ತಾನೆಂದೂ ಗೊತ್ತಿತ್ತು. ಹೇಳುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತಂತೆ. ನನ್ನ ಮುಂದೆ ಹೇಳುವಾಗ ಅವನು ಆ ನಾಲಿಗೆಯನ್ನು ಹೊರಗೆ ಚಾಚಿ ತುದಿಯನ್ನು ತೋರಿಸಿದ.

"ಭೇಷ್ ಕಣೋ," ಎಂದ. "ಇನ್ನೆರಡೇ ಮಹಡಿ. ಮಧ್ಯದಲ್ಲಿ ಕೂತ್ರೆ ಮೈ ತಣ್ಣಗಾಗಿಬಿಡುತ್ತೆ. ಏಳು, ಎತ್ತು."

ಎಂದು ದಿಂಬನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲವಾಗಿ ತೆರೆದು ಹಿಡಿದ.